2 ಕೆವಿಎ ಜನರೇಟರ್ ಬೋರ್ ಮೋಟರ್ ಎಳೆಯುತ್ತಾ?

ಪ್ರಶ್ನೆ: ಕಲಬುರಗಿಯ ಹೊರವಲಯದಲ್ಲಿ ನಮ್ಮ ಮನೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ಒಂದು ಫ್ರಿಜ್, ಒಂದು ಕೂಲರ್, ನಾಲ್ಕು ಫ್ಯಾನ್, 1 ಎಚ್‌ಪಿ ಬೋರ್ ಮೋಟರ್ ಇವೆ. ಅಂಗಡಿಯವರು 2 ಕೆವಿಎ ಪೆಟ್ರೋಲ್ ಜನರೇಟರ್ ಸಾಕು ಅಂತಾರೆ. ತಗೊಳ್ಳಬಹುದಾ?

ಉತ್ತರ: ಮೋಟರ್ ಬಿಟ್ಟು ಉಳಿದಿದ್ದಕ್ಕೆಲ್ಲ ಸಾಕು. ಮೋಟರ್ ಸೇರಿದರೆ ಸಾಲೋದಿಲ್ಲ.

ಲೆಕ್ಕ ನೋಡಿ. ಹಳೇ ನಮೂನೆಯ ಫ್ಯಾನ್ ಒಂದಕ್ಕೆ ಸುಮಾರು 75 ವ್ಯಾಟ್, ನಾಲ್ಕಕ್ಕೆ 300. ಕೂಲರ್ 200, ಫ್ರಿಜ್ 150, ಬಲ್ಬುಗಳು 50. ಒಟ್ಟು 700 ವ್ಯಾಟ್. ಕೆವಿಎ ಅಂದರೆ ಪೂರ್ತಿ ಕಿಲೋವ್ಯಾಟ್ ಅಂತ ತಿಳಿಯಬೇಡಿ, 0.8ರಿಂದ ಗುಣಿಸಿದರೆ ಕ್ಷೇಮ. ಅಂದರೆ 2 ಕೆವಿಎಗೆ 1,600 ವ್ಯಾಟ್. ಫ್ರಿಜ್ ಶುರುವಾಗುವಾಗ ಸ್ವಲ್ಪ ಜಾಸ್ತಿ ಎಳೆದರೂ ತಡೆದುಕೊಳ್ಳುತ್ತೆ.

ತಕರಾರು ಇರೋದು ಮೋಟರಿಂದ. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟರ್ ಮಾಡುವ ಕೆಲಸದ ಲೆಕ್ಕ. ಅಷ್ಟು ಕೆಲಸ ಮಾಡೋಕೆ ಅದು ಕರೆಂಟಿನಿಂದ 1,100, 1,200 ವ್ಯಾಟ್‌ವರೆಗೂ ಎಳೆಯುತ್ತೆ. ಅದೂ ಓಡ್ತಾ ಇರುವಾಗ. ಸ್ವಿಚ್ ಒತ್ತಿದ ಆ ಒಂದೆರಡು ಸೆಕೆಂಡ್ ಇದರ ಮೂರು ಪಟ್ಟೋ, ಇನ್ನೂ ಜಾಸ್ತಿನೋ ಬೇಕು. 2 ಕೆವಿಎ ಸೆಟ್ಟಿಗೆ ಕೊಟ್ಟು ನೋಡಿ: ಎಂಜಿನ್ ಸದ್ದು ಒಮ್ಮೆಲೇ ತಗ್ಗುತ್ತೆ, ಬಲ್ಬು ಮಂಕಾಗುತ್ತೆ, ಬೋರಿನ ಪ್ಯಾನಲ್ ಗುಂಯ್ ಅನ್ನುತ್ತೆ, ನೀರು ಮಾತ್ರ ಬರಲ್ಲ. ಹೀಗೇ ಬಿಟ್ಟರೆ ಮೋಟರಿನ ಒಳಗಿನ ತಂತಿ ಸುರುಳಿಯೇ (ವೈಂಡಿಂಗ್) ಸುಟ್ಟೀತು. ನಾನಾದರೆ 1 ಎಚ್‌ಪಿ ಮೋಟರಿಗೆ 4 ಕೆವಿಎಗಿಂತ ಕೆಳಗೆ ಇಳಿಯಲ್ಲ. ಅದನ್ನೂ ಮೊದಲು ಮೋಟರ್ ಶುರು ಮಾಡಿ, ಆಮೇಲೆ ಉಳಿದಿದ್ದನ್ನು ಒಂದೊಂದಾಗಿ ಹಾಕಬೇಕು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋದು ಬಹಳ ಸಲ ಗರಿಷ್ಠ ಶಕ್ತಿ. ಗಂಟೆಗಟ್ಟಲೆ ಎಷ್ಟು ಕೊಡುತ್ತೆ ಅಂತ ಕೇಳಿ, ಅದು ಕಡಿಮೆ ಇರುತ್ತೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಎಂಜಿನ್ ಶಕ್ತಿ ಇನ್ನೂ ಸ್ವಲ್ಪ ಇಳಿಯುತ್ತೆ, ಅದನ್ನೂ ಹಿಡಿಯಿರಿ.

ಆದರೆ ಮೋಟರಿಗಾಗಿ ದೊಡ್ಡ ಜನರೇಟರ್ ಬೇಕೇ ಬೇಕಾ? ಇಲ್ಲ ಅಂತೀನಿ. ಮಾಳಿಗೆ ಮೇಲೆ 1,000 ಲೀಟರ್ ಟ್ಯಾಂಕ್ ಇಟ್ಟು, ಜೆಸ್ಕಾಂ ಕರೆಂಟ್ ಇದ್ದಾಗ ತುಂಬಿಸಿಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ಐದು ಜನರ ಮನೆಗೆ ಒಂದು ದಿನ ಆರಾಮಾಗಿ ಆಗುತ್ತೆ. ಕರೆಂಟ್ ಹೋಗೋದು ಒಂದೆರಡು ಗಂಟೆ ಮಾತ್ರ ಅಂದರೆ ಜನರೇಟರೂ ಬೇಡ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಸಾಕು, ಫ್ರಿಜ್ ಬಾಗಿಲು ಮಾತ್ರ ತೆಗೆಯಬೇಡಿ. ಸಣ್ಣ ಪೆಟ್ರೋಲ್ ಸೆಟ್ ಒಂದು ಲೀಟರಿಗೆ ಹೆಚ್ಚು ಕಡಿಮೆ ಎರಡು ಯೂನಿಟ್ ಕೊಡುತ್ತೆ. ಪೆಟ್ರೋಲ್ ನೂರು ರೂಪಾಯಿ ದಾಟಿದ ಮೇಲೆ ಒಂದು ಯೂನಿಟ್ಟಿಗೆ ಐವತ್ತು ಬಿತ್ತು! ಅರ್ಧ ದಿನ, ಇಡೀ ದಿನ ಹೋಗುವ ಕಡೆ ಮಾತ್ರ ಈ ಖರ್ಚಿಗೆ ಅರ್ಥ ಇದೆ.

ಹೊಲದ ಮನೆಗೋ, ಚಿಂಚೋಳಿ ಕಾಡಿನ ಕಡೆ ಒಂದು ರಾತ್ರಿ ತಂಗೋಕೋ ಬೇಕು ಅನ್ನೋರಿಗೆ 1 ಕೆವಿಎ ಇನ್ವರ್ಟರ್ ಜನರೇಟರ್ ಸರಿ (ಇದು ಬ್ಯಾಟರಿ ಇನ್ವರ್ಟರ್ ಅಲ್ಲ, ಪೆಟ್ರೋಲಿನ ಸಣ್ಣ ಜನರೇಟರೇ). ಸದ್ದು ಕಡಿಮೆ, ಕೈಯಲ್ಲಿ ಹಿಡಿದು ಒಯ್ಯಬಹುದು. ಕಾಡಿನ ಒಳಗೆ ಮಾತ್ರ ಹಚ್ಚಬೇಡಿ.

ಇನ್ನು ಎಲ್ಲಿ ಇಡೋದು? ಮಳೆ ಬಂತು ಅಂತ ಪಡಸಾಲೆಗೆ ತರೋರಿದ್ದಾರೆ, ಕಳ್ಳರ ಭಯಕ್ಕೆ ಮೆಟ್ಟಿಲ ಕೆಳಗೆ ಇಟ್ಟು ಬಾಗಿಲು ಹಾಕೋರಿದ್ದಾರೆ. ಎರಡೂ ಜೀವಕ್ಕೆ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳೋದೇ ಇಲ್ಲ. ಕಿಟಕಿ ಬಾಗಿಲುಗಳಿಂದ 20 ಅಡಿ ದೂರ, ಬಯಲಲ್ಲೇ ಇಡಿ, ಹೊಗೆ ಕೊಳವೆ ಮನೆಯ ಕಡೆ ಬೇಡ. ಕಳ್ಳರ ಭಯ ಇದ್ದರೆ ಸರಪಳಿ ಹಾಕಿ.

ಎರಡೂ ತುದಿಗೆ ಪಿನ್ ಹಾಕಿದ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟ್ ಕೊಡೋದಂತೂ ಬೇಡವೇ ಬೇಡ. ಮೇನ್ ಆಫ್ ಮಾಡೋಕೆ ಮರೆತರೆ ಆ ಕರೆಂಟ್ ವಾಪಸ್ ಹೊರಗಿನ ಲೈನಿಗೆ ಹೋಗುತ್ತೆ. ಟ್ರಾನ್ಸ್‌ಫಾರ್ಮರ್ ಅದನ್ನೇ 11,000 ವೋಲ್ಟ್‌ವರೆಗೂ ಏರಿಸಬಲ್ಲದು, ಆ ಹೊತ್ತಿಗೆ ಕಂಬದ ಮೇಲೆ ಲೈನ್‌ಮನ್ ಇರ್ತಾನೆ. ಎಲೆಕ್ಟ್ರಿಷಿಯನ್ ಕೈಲಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದು ಹೊರಗಿನ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುತ್ತೆ.

ಹೊಸ ಸೆಟ್ ಮನೆಗೆ ಬಂದ ಕೂಡಲೇ ಹಗ್ಗ ಎಳೆಯಬೇಡಿ. ಬಹಳಷ್ಟು ಸೆಟ್‌ಗಳು ಎಂಜಿನ್ ಆಯಿಲ್ ಇಲ್ಲದೆ ಬರುತ್ತವೆ, ಮೊದಲು ಅದನ್ನು ನೋಡಿ. ಮೊದಲ ಆಯಿಲ್ ಸಾಮಾನ್ಯವಾಗಿ 20 ಗಂಟೆಗೆ ಬದಲಾಯಿಸಬೇಕು. ತಿಂಗಳಿಗೊಮ್ಮೆ ಎರಡು ಫ್ಯಾನ್ ಹಾಕಿ ಹದಿನೈದು ನಿಮಿಷ ಓಡಿಸಿ. ಮಳೆಗಾಲ, ಚಳಿಗಾಲ ಪೂರ್ತಿ ಸುಮ್ನೆ ಇಡೋದಾದರೆ ಟ್ಯಾಂಕಿನದ್ದು, ಕಾರ್ಬುರೇಟರಿನದ್ದು ಪೆಟ್ರೋಲ್ ಖಾಲಿ ಮಾಡಿ ಇಡಿ. ಇಲ್ಲಾಂದರೆ ಹಳೇ ಪೆಟ್ರೋಲ್ ಅಂಟಾಗಿ, ಬೇಕಾದಾಗ ಎಷ್ಟು ಎಳೆದರೂ ಶುರುವಾಗಲ್ಲ.