ಮಲಗಿದ ಸರ್ವರ್ ಪತ್ರ ಕಳೆಯುವುದಿಲ್ಲ
ಇಮೇಲ್ ಪಡೆಯುವ, ಕಳುಹಿಸುವ ಯಂತ್ರವನ್ನು, ಅಂದರೆ ಮೇಲ್ ಸರ್ವರನ್ನು, ಸ್ವಂತವಾಗಿ ನಡೆಸುತ್ತೇನೆ ಎಂದೊಡನೆ ಕೇಳಿಬರುವ ಮೊದಲ ಆಕ್ಷೇಪ, ‘ಕರೆಂಟು ಹೋದರೆ ಆ ಹೊತ್ತಿನ ಪತ್ರಗಳೆಲ್ಲ ಹಾಳಾಗುತ್ತವಲ್ಲ?’ ಎಂಬುದು. ಕಂಪ್ಯೂಟರ್ ಬಲ್ಲವರೂ ಹೀಗೇ ನಂಬಿದ್ದಾರೆ. ಹಾಳಾಗುವುದಿಲ್ಲ! ಎದುರಿನ ಯಂತ್ರ ಯಾವಾಗ ಬೇಕಾದರೂ ಮಲಗಿರಬಹುದು ಎಂದು ಒಪ್ಪಿಕೊಂಡೇ ಇಮೇಲ್ ಬೆಳೆದದ್ದು.

ಸರ್ವರ್‌ಗಳು ಒಂದಕ್ಕೊಂದು ಇಮೇಲ್ ದಾಟಿಸುವ ಪದ್ಧತಿಯಾದ ಎಸ್‌ಎಂಟಿಪಿಯ ನಿಯಮಗಳನ್ನು ಜಾನ್ ಪೋಸ್ಟೆಲ್ ಪ್ರಕಟಿಸಿದ್ದು 1982ರ ಆಗಸ್ಟ್‌ನಲ್ಲಿ. ಆ ಕಾಲದ ಎಷ್ಟೋ ಯೂನಿಕ್ಸ್ ಯಂತ್ರಗಳು ಯುಯುಸಿಪಿ ಎಂಬ ವ್ಯವಸ್ಥೆಯಲ್ಲಿ, ಫೋನ್ ದರ ಇಳಿಯುವ ರಾತ್ರಿವೇಳೆ ಒಂದಕ್ಕೊಂದು ಕರೆ ಮಾಡಿ ಪತ್ರ ದಾಟಿಸುತ್ತಿದ್ದವು. ಪತ್ರ ನಡುದಾರಿಯಲ್ಲಿ ತಂಗುವುದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ.

ಇಂದಿಗೂ ಹಾಗೆಯೇ. ನಿಮ್ಮ ಸರ್ವರ್ ಸಿಗದಿದ್ದರೆ ಕಳುಹಿಸುವ ಸರ್ವರ್ ಪತ್ರವನ್ನು ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದಲ್ಲಿ ಎರಡು ಯತ್ನಗಳ ಅಂತರ ಮೊದಲು 300 ಸೆಕೆಂಡು, ಹಿಗ್ಗುತ್ತಾ ಹೋಗಿ ಗರಿಷ್ಠ 4000 ಸೆಕೆಂಡು. ಕೈಬಿಡುವುದು 5 ದಿನಗಳ ನಂತರ. ಒಟಿಪಿ ತಡವಾದರೆ ಕೆಲಸಕ್ಕೆ ಬಾರದು, ನಿಜ. ಆದರೆ ಅಷ್ಟರೊಳಗೆ ಸರ್ವರ್ ಎದ್ದರೆ ಪತ್ರಗಳು ಬಂದೇ ಬರುತ್ತವೆ.

ಇದರಲ್ಲಿ ನನ್ನನ್ನು ಬೆರಗುಗೊಳಿಸುವುದು ಹೊಣೆ ಕೈಬದಲಾಗುವ ಕ್ಷಣ. ಪತ್ರದ ಕೊನೆಯಲ್ಲಿ, ಒಂದು ಪ್ರತ್ಯೇಕ ಸಾಲಿನಲ್ಲಿ, ಬರೀ ಒಂದು ಚುಕ್ಕೆ ಬರುತ್ತದೆ. ಪಡೆಯುವ ಸರ್ವರ್ ಪತ್ರವನ್ನು ಡಿಸ್ಕಿಗೆ ಬರೆದು ಮುಗಿಸಿ ‘250’, ಅಂದರೆ ‘ಪಡೆದೆ’, ಎನ್ನುತ್ತದೆ. ರಿಜಿಸ್ಟರ್ಡ್ ಅಂಚೆಗೆ ಹಾಕುವ ಸಹಿಯಂತೆ, ಆ ಉತ್ತರ ಸಿಗುವವರೆಗೆ ಕಳುಹಿಸುವವನು ತನ್ನ ಪ್ರತಿಯನ್ನು ಅಳಿಸುವಂತಿಲ್ಲ. ಚುಕ್ಕೆಗೂ 250ಕ್ಕೂ ನಡುವೆ ಸಂಪರ್ಕ ಕಡಿದರೆ? ಅವನು ಮತ್ತೆ ಕಳುಹಿಸುತ್ತಾನೆ, ಅದೇ ಪತ್ರ ಎರಡು ಸಲ ಬರಬಹುದು. ಒಂದೂ ಬಾರದಿರುವುದಕ್ಕಿಂತ ಎರಡು ಬರುವುದು ಲೇಸೆಂದು ವಿನ್ಯಾಸಕರು ತೀರ್ಮಾನಿಸಿದರು. ಎಂಥ ವಿವೇಕ!

ನಿಜವಾದ ಅಪಾಯ ಇರುವುದು ಎಚ್ಚರವಾಗಿದ್ದೂ ತಪ್ಪು ಹೇಳುವ ಸರ್ವರ್‌ನಲ್ಲಿ. 4ರಿಂದ ಆರಂಭವಾಗುವ ಉತ್ತರ ಬಂದರೆ ಕಳುಹಿಸುವವನು ಕಾಯುತ್ತಾನೆ. 5ರಿಂದ ಆರಂಭವಾದರೆ ಆಗಲೇ ಪತ್ರವನ್ನು ಬರೆದವರಿಗೆ ಹಿಂದಿರುಗಿಸುತ್ತಾನೆ. ಬಳಕೆದಾರರ ಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೂ ಸರ್ವರ್ ‘550, ಇಂಥವರು ಇಲ್ಲಿಲ್ಲ’ ಎಂದುಬಿಡುತ್ತದೆ. ಅಲ್ಲಿಗೆ ಮುಗಿಯಿತು.

ಕಳುಹಿಸುವ ಕಷ್ಟಗಳು ಬೇರೆ: ಪತ್ರ ನಕಲಿಯಲ್ಲವೆಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ವ್ಯವಸ್ಥೆಗಳು, ಐಪಿ ವಿಳಾಸದ ಮರ್ಯಾದೆ, ಮನೆಯ ಸಂಪರ್ಕಗಳಲ್ಲಿ ಹಲವೆಡೆ ಮುಚ್ಚಿರುವ 25ನೇ ಪೋರ್ಟ್ (ಸರ್ವರ್‌ಗಳ ನಡುವೆ ಪತ್ರ ಸಾಗುವ ದ್ವಾರ). ಸ್ವೀಕರಿಸಲು ಮಾತ್ರ ಹೆದರಬೇಕಿಲ್ಲ. ಹೊಸದಾಗಿ ಪೋಸ್ಟ್‌ಫಿಕ್ಸ್ ಹೂಡುವವರು ಸಾಫ್ಟ್ ಬೌನ್ಸ್ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಲಿ. ಆಗ ಅದು ತನ್ನ 5ರ ನಿರಾಕರಣೆಗಳನ್ನು 4ಕ್ಕೆ ಬದಲಿಸಿ ಹೇಳುತ್ತದೆ, ಪತ್ರಗಳು ಕಳುಹಿಸಿದವರ ಸರತಿಯಲ್ಲೇ ಉಳಿಯುತ್ತವೆ, ತಪ್ಪು ತಿದ್ದಲು ದಿನಗಳ ಕಾಲಾವಕಾಶ ಸಿಗುತ್ತದೆ. ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಅದನ್ನು ತೆಗೆದುಹಾಕಬೇಕು.