ನಾಲ್ಕು ಗೇರಿನ ಮಾರುತಿಗೆ ಐದನೆಯದು

ಹಳೆ ಮಾರುತಿ 800 ಓಡಿಸಿದವರಿಗೆಲ್ಲ ಇದು ಗೊತ್ತು. ಹೈವೇಯಲ್ಲಿ ಗಾಡಿ 80ರ ವೇಗ ಮುಟ್ಟುತ್ತಿದ್ದಂತೆ ಎಂಜಿನ್ ಜೋರಾಗಿ ಕೂಗತೊಡಗುತ್ತದೆ. ಕೈ ತಾನಾಗಿಯೇ ಗೇರ್ ಲಿವರ್ ಕಡೆ ಹೋಗುತ್ತದೆ. ಆದರೆ ಹಾಕೋಕೆ ಇನ್ನೊಂದು ಗೇರೇ ಇಲ್ಲ.

1983ರ ಡಿಸೆಂಬರಿನಲ್ಲಿ ಬಂದ ಮೊದಲ 800, 1986ರಲ್ಲಿ ಹೊಸ ಮೈಕಟ್ಟಿನಲ್ಲಿ ಬಂದ 800, ಎರಡರಲ್ಲೂ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ನಾಲ್ಕು ಗೇರು. 2000ದ ಹೊತ್ತಿಗೆ 12 ವಾಲ್ವಿನ ಎಂಜಿನ್ ಜೊತೆ ಐದು ಗೇರಿನ 800 ಕೂಡ ಬಂತು. ಅದೇ ವರ್ಷ ಆಲ್ಟೊ ಬಂತು. ಅದರಲ್ಲೂ 796 ಸಿಸಿ, ಅದರಲ್ಲೂ ಐದು ಗೇರು. ಈಗ 800ರ ತಯಾರಿಕೆ ನಿಂತು ವರ್ಷಗಳೇ ಆದವು; ಕೊನೆಯ ಗಾಡಿ 2014ರ ಜನವರಿಯಲ್ಲಿ ಹೊರಬಂತು. ರಸ್ತೆಯಲ್ಲಿ ಉಳಿದಿರುವ ನಾಲ್ಕು ಗೇರಿನ 800ಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ಇದ್ದಾರೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಕಡೆ ಆಲ್ಟೊ ಗೇರ್‌ಬಾಕ್ಸ್ ಹುಡುಕುವುದು ಕಷ್ಟವಲ್ಲ. ಹಾಗಾಗಿ ಒಂದು ಯೋಚನೆ ಸಹಜವಾಗಿ ಬರುತ್ತದೆ: ಎಂಜಿನ್ ಅದೇ ವಂಶದ್ದು, ಕಂಪನಿ ಅದೇ, ಆ ಐದು ಗೇರಿನ ಪೆಟ್ಟಿಗೆಯನ್ನು ನಮ್ಮ ಗಾಡಿಗೆ ಕೂರಿಸಿದರೆ ಹೇಗೆ?

ಕೂರಿಸಬಹುದು. ಕೂರಿಸಿದವರೂ ಇದ್ದಾರೆ. ಆದರೆ ಸ್ಪ್ಯಾನರ್ ಹಿಡಿಯುವ ಮೊದಲು ಪೆನ್ನು ಹಿಡಿದು ಲೆಕ್ಕ ಹಾಕಿದವರ ಗಾಡಿ ಮಾತ್ರ ಹಿತವಾಗಿ ಓಡುತ್ತದೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಗೇರ್‌ಬಾಕ್ಸ್ ಒಂಟಿಯಾಗಿ ಕೆಲಸ ಮಾಡುವ ಭಾಗ ಅಲ್ಲ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಟೈರು. ಇವೆರಡನ್ನೂ ಬಿಟ್ಟು ಪೆಟ್ಟಿಗೆ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ.

ಮೊದಲು ಲೆಕ್ಕ. 800ರ ಟೈರು 145/70 ಆರ್ 12 (ಅಗಲ 145 ಮಿ.ಮೀ., ಗೋಡೆಯ ಎತ್ತರ ಅದರ 70%, ರಿಮ್ 12 ಇಂಚು). ಒಂದು ಸುತ್ತಿಗೆ ಅದು ಸುಮಾರು 1.6 ಮೀಟರ್ ಸಾಗುತ್ತದೆ. ಗಂಟೆಗೆ 80 ಕಿ.ಮೀ. ಅಂದರೆ ನಿಮಿಷಕ್ಕೆ 1,333 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ ಹೆಚ್ಚುಕಮ್ಮಿ 836 ಸುತ್ತು ತಿರುಗಬೇಕು. ಈಗ ನಾಲ್ಕನೇ ಗೇರಿನ ಅನುಪಾತ (ಗೇರಿನಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಬರುತ್ತದೆ ಅನ್ನುವುದು) 0.9, ಅದರ ಮುಂದೆ ಚಕ್ರಗಳನ್ನು ತಿರುಗಿಸುವ ಕೊನೆಯ ಹಲ್ಲಿನ ಜೋಡಿ, ಅಂದರೆ ಕ್ರೌನ್-ಪಿನಿಯನ್, ಅದರ ಅನುಪಾತ 4.35 ಅಂತ ಹಿಡಿಯೋಣ. ಗುಣಿಸಿದರೆ 3.9. ಚಕ್ರ ಒಂದು ಸುತ್ತು ಬರುವಾಗ ಎಂಜಿನ್ 3.9 ಸುತ್ತು ಬರುತ್ತದೆ. 80ರ ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,270 ಸುತ್ತು. ಇದಕ್ಕೆ 0.76 ಅನುಪಾತದ ಐದನೇ ಗೇರು ಸೇರಿಸಿ. ಅದೇ ವೇಗಕ್ಕೆ ಎಂಜಿನ್ 2,765 ಸುತ್ತು ಬಂದರೆ ಸಾಕು. ನಿಮಿಷಕ್ಕೆ 500 ಸುತ್ತು ಕಡಿಮೆ. ಕಿವಿಗೆ ಮೊದಲು ಗೊತ್ತಾಗುವುದೇ ಇದು.

ಪೆಟ್ರೋಲ್ ಉಳಿಯುತ್ತದಾ? ಉಳಿಯುತ್ತದೆ. ಎಂಜಿನ್ನಿನ ಪ್ರತಿ ಸುತ್ತಿಗೂ ಪಿಸ್ಟನ್ ಉಜ್ಜಾಟಕ್ಕೆ, ಬೇರಿಂಗ್ ಉಜ್ಜಾಟಕ್ಕೆ ಒಂದಿಷ್ಟು ಶಕ್ತಿ ಹೋಗುತ್ತದೆ. ಸುತ್ತು ಕಮ್ಮಿಯಾದರೆ ಆ ನಷ್ಟವೂ ಕಮ್ಮಿ. ಇನ್ನೊಂದು ನಷ್ಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದಾಗ ಗಾಳಿ ಒಳಹೋಗುವ ದಾರಿ ಅರೆ ಮುಚ್ಚಿರುತ್ತದೆ. ಆ ಕಿರಿದಾದ ಸಂದಿಯಿಂದ ಗಾಳಿ ಎಳೆದುಕೊಳ್ಳಲು ಎಂಜಿನ್ ತಿಣುಕಬೇಕು. ಎತ್ತರದ ಗೇರಿನಲ್ಲಿ ಅದೇ ವೇಗಕ್ಕೆ ದಾರಿ ಇನ್ನಷ್ಟು ತೆರೆದಿರುತ್ತದೆ. ತಿಣುಕಾಟ ಇಳಿಯುತ್ತದೆ.

ಆದರೆ ಟಾಪ್ ಸ್ಪೀಡ್ ಏರುತ್ತದೆ ಅಂತ ಕಾಯಬೇಡಿ. ಗೇರ್‌ಬಾಕ್ಸ್ ಶಕ್ತಿ ಹುಟ್ಟಿಸುವುದಿಲ್ಲ. ಹಳೆ 800ರ ಎಂಜಿನ್ ಶಕ್ತಿ 40 ಬಿಎಚ್‌ಪಿಗಿಂತ ಕಡಿಮೆ. ಅದರ ಅತಿ ಹೆಚ್ಚು ಟಾರ್ಕ್ (ತಿರುಗಿಸುವ ಬಲ) 59 ನ್ಯೂಟನ್ ಮೀಟರ್, ಅದೂ 2,500 ಸುತ್ತಿನ ಬಳಿ. ಇಂಥ ಎಂಜಿನ್ನಿಗೆ ಐದನೇ ಗೇರು ಸಮತಟ್ಟು ರಸ್ತೆಯಲ್ಲಿ ಹಾಯಾಗಿ ಸಾಗಲು ಮಾತ್ರ. 50ರ ವೇಗದಲ್ಲಿ ಅದನ್ನು ಹಾಕಿದರೆ ಎಂಜಿನ್ 1,730 ಸುತ್ತಿಗೆ ಇಳಿಯುತ್ತದೆ. ಫ್ಲೈಓವರ್ ಏರು ಬಂದರೆ ಗಾಡಿ ಗಡಗಡ ನಡುಗಿ, ನಾಲ್ಕಕ್ಕೆ ಇಳಿಸು ಅಂತ ಕೇಳುತ್ತದೆ. ಸಿಟಿಯೊಳಗೇ ಓಡಾಡುವವರಿಗೆ ಈ ಬದಲಾವಣೆಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಸುಮ್ನೆ ಖರ್ಚು.

ಎಲ್ಲರ ಗಮನ ಐದನೇ ಗೇರಿನ ಮೇಲೆ. ನಾನಾದರೆ ಮೊದಲು ಎರಡನೆಯದನ್ನು ನೋಡುತ್ತೇನೆ. ಗೇರುಗಳನ್ನು ಮೆಟ್ಟಿಲು ಅಂದುಕೊಂಡರೆ, ಮೆಟ್ಟಿಲ ನಡುವಿನ ಅಂತರ ಮುಖ್ಯ. ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಎರಡನೆಯದು 2.17, ಮೂರನೆಯದು 1.33 ಅಂತಿದ್ದರೆ, 4,000 ಸುತ್ತಿನಲ್ಲಿ ಗೇರ್ ಬದಲಿಸಿದಾಗ ಎಂಜಿನ್ 2,450ಕ್ಕೆ ಬೀಳುತ್ತದೆ. ಐದು ಗೇರಿನ ಪೆಟ್ಟಿಗೆಯಲ್ಲಿ ಅವೇ ಎರಡು 1.89 ಮತ್ತು 1.28 ಇದ್ದರೆ, ಬೀಳುವುದು 2,700ಕ್ಕೆ ಮಾತ್ರ. ಶಿರಾಡಿ ಘಾಟಿಯ ಉದ್ದ ಏರಿನಲ್ಲಿ ಮೂರಕ್ಕೆ ಹಾಕಿದ ಕೂಡಲೇ ಗಾಡಿ ಸೊರಗುವುದು ಇದರಿಂದ ತಪ್ಪುತ್ತದೆ. ಒಳ್ಳೆಯದೇ. ಆದರೆ ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಿ. 2.17 ಇದ್ದ ಎರಡನೇ ಗೇರು 1.89 ಆಯಿತು. ಉಳಿದದ್ದೆಲ್ಲ ಅಷ್ಟೇ ಇದ್ದರೆ ಎರಡನೇ ಗೇರಿನಲ್ಲಿ ಚಕ್ರಕ್ಕೆ ತಲುಪುವ ಬಲ ಸುಮಾರು 13% ಕುಗ್ಗಿತು. ನಾಲ್ಕು ಜನ ಕೂತು ಆಗುಂಬೆಯ ಹೇರ್‌ಪಿನ್ ತಿರುವು ಹತ್ತುವಾಗ, ಮೊದಲು ಎರಡರಲ್ಲೇ ದಾಟುತ್ತಿದ್ದ ಕಡೆ ಈಗ ಒಂದಕ್ಕೆ ಇಳಿಯಬೇಕಾಗಬಹುದು. ಮಲೆನಾಡಿನಲ್ಲಿ ಓಡಿಸುವವರು ಇದನ್ನು ಗಂಭೀರವಾಗಿ ತೂಗಿ ನೋಡಬೇಕು.

ಇನ್ನು ಟೈರಿನ ವಿಷಯ. ಹಳೆ ಆಲ್ಟೊದ ಟೈರು 145/80 ಆರ್ 12. ರಿಮ್ ಅಷ್ಟೇ ಇಂಚು, ಆದರೆ ಟೈರಿನ ಗೋಡೆ ಎತ್ತರ. ಒಂದು ಸುತ್ತಿಗೆ 1.69 ಮೀಟರ್ ಸಾಗುತ್ತದೆ. 800ರ ಟೈರಿಗಿಂತ ಸುಮಾರು 6% ಜಾಸ್ತಿ. ಹಾಗಾಗಿ ಆಲ್ಟೊದಲ್ಲಿ ಶಾಂತವಾಗಿದ್ದ ಅದೇ ಪೆಟ್ಟಿಗೆ 800ಕ್ಕೆ ಬಂದಾಗ ಎಂಜಿನ್ನನ್ನು 6% ಹೆಚ್ಚು ತಿರುಗಿಸುತ್ತದೆ. ಇದರ ಇನ್ನೊಂದು ಪರಿಣಾಮ ಸ್ಪೀಡೋಮೀಟರ್ ಮೇಲೆ. ಈ ಹಳೆ ಗಾಡಿಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದಲೇ ಹೊರಡುತ್ತದೆ. ಅದನ್ನು ತಿರುಗಿಸುವ ಪುಟ್ಟ ಹಲ್ಲಿನ ಚಕ್ರ ದೊಡ್ಡ ಟೈರಿಗೆ ಹೊಂದಿಸಿದ್ದಾಗಿದ್ದರೆ, ಸಣ್ಣ ಟೈರಿನ ಗಾಡಿಯಲ್ಲಿ ನಿಜವಾದ 80ನ್ನು 85 ಅಂತ ತೋರಿಸುತ್ತದೆ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಉಬ್ಬುತ್ತದೆ. ಆಗ ಲೀಟರಿಗೆ 18 ಕೊಡುವ ಗಾಡಿ 19 ಕೊಟ್ಟಂತೆ ಕಾಣುತ್ತದೆ. ಗೇರ್‌ಬಾಕ್ಸ್ ಹಾಕಿದ ಮೇಲೆ ಮೈಲೇಜ್ ಏರಿತು ಅನ್ನುವವರು ಮೊದಲು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಮೀಟರ್ ತಾಳೆ ನೋಡಬೇಕು, ಅಲ್ವಾ? ತಾಳೆಯಾಗದಿದ್ದರೆ ಹಳೆ ಪೆಟ್ಟಿಗೆಯ ಆ ಪುಟ್ಟ ಚಕ್ರ ಹೊಸದರಲ್ಲಿ ಕೂರುತ್ತದಾ ಅಂತ ಪರೀಕ್ಷಿಸಬಹುದು.

ಜೋಡಿಸುವ ಕೆಲಸದಲ್ಲಿ ಅಡ್ಡ ಬರುವ ಜಾಗಗಳು ಬೇರೆ. ಒಂದೇ ಎಂಜಿನ್ ಅಂದರೆ ಒಂದೇ ಗೇರ್‌ಬಾಕ್ಸ್ ಅಂತ ಅರ್ಥವಲ್ಲ. ಓಮ್ನಿಯನ್ನೇ ನೋಡಿ. ಎಂಜಿನ್ 800ರದ್ದೇ, 796 ಸಿಸಿ. ಆದರೆ ಅದು ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಮಲಗಿದೆ, ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. 800ರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ಗೇರು ಮತ್ತು ಡಿಫರೆನ್ಶಿಯಲ್ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಒಂದೇ ಪೆಟ್ಟಿಗೆಯೊಳಗಿವೆ. ಓಮ್ನಿ ಪೆಟ್ಟಿಗೆಯಿಂದ 800ಕ್ಕೆ ಉಪಯೋಗವಿಲ್ಲ. 1993ರ ಜೆನ್‌ನದು ಮತ್ತೊಂದು ಕಥೆ. ಅದು ಅಡ್ಡ ಎಂಜಿನ್ನೇ, ಐದು ಗೇರೇ, ಆದರೆ 993 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಬೇರೆ ಕುಟುಂಬದ್ದು. ಕುಟುಂಬ ಬೇರೆಯಾದಾಗ ಎಂಜಿನ್ ಮತ್ತು ಪೆಟ್ಟಿಗೆ ಸೇರುವ ಬೋಲ್ಟ್ ತೂತುಗಳನ್ನು ಅಳೆಯದೆ ದುಡ್ಡು ಕೊಡಬಾರದು.

ಬೋಲ್ಟ್ ಕೂತರೂ ಕ್ಲಚ್ ಪ್ಲೇಟ್ ಇದೆ. ಅದರ ಹೊರ ಅಂಚು ಎಂಜಿನ್ ಕಡೆಯ ಭಾರದ ಚಕ್ರವಾದ ಫ್ಲೈವೀಲ್‌ಗೆ ಹೊಂದಬೇಕು. ನಡುವಿನ ಹಲ್ಲುಗಳು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ಗೆ (ಎಂಜಿನ್ ಶಕ್ತಿ ಒಳಗೆ ತರುವ ದಂಡಕ್ಕೆ) ಹೊಂದಬೇಕು. ಅಲ್ಲಿನ ಸ್ಪ್ಲೈನ್, ಅಂದರೆ ದಂಡದ ಉದ್ದಕ್ಕೆ ಕೊರೆದ ಹಲ್ಲುಗಳನ್ನು ಎಣಿಸಿ, ದಪ್ಪ ಅಳೆಯಬೇಕು. ಪೆಟ್ಟಿಗೆಯಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ಗಳಿಗೂ ಇದೇ ಪರೀಕ್ಷೆ. ಒಳತುದಿ ಹೊಸ ಪೆಟ್ಟಿಗೆಗೆ, ಹೊರತುದಿ ಹಳೆ ಹಬ್‌ಗೆ. ಉದ್ದದಲ್ಲಿ ಹೆಚ್ಚುಕಮ್ಮಿ ಆದರೆ ಅಪಾಯ. ಗಿಡ್ಡವಾದರೆ ಚಕ್ರ ಕೆಳಗಿಳಿದಾಗ ಜಾಯಿಂಟ್ ಕಳಚಿಕೊಳ್ಳಬಹುದು, ಉದ್ದವಾದರೆ ಹಳ್ಳಕ್ಕೆ ಬಿದ್ದಾಗ ಗುದ್ದಿ ಬೇರಿಂಗ್ ಒಡೆಯಬಹುದು. ಲಿವರ್‌ನಿಂದ ಪೆಟ್ಟಿಗೆಗೆ ಹೋಗುವ ರಾಡ್, ಪೆಟ್ಟಿಗೆಯನ್ನು ಹಿಡಿಯುವ ಮೌಂಟ್, ರಿವರ್ಸ್ ಲೈಟಿನ ಸ್ವಿಚ್, ಇವೂ ಬೇಕು. ಹಾಗಾಗಿ ಪೆಟ್ಟಿಗೆ ಕೊಳ್ಳುವಾಗ ಅದೇ ಗಾಡಿಯ ಲಿವರ್, ರಾಡ್, ಮೌಂಟ್, ಶಾಫ್ಟ್ ಎಲ್ಲ ಒಟ್ಟಿಗೆ ತೆಗೆದುಕೊಳ್ಳುವುದು ಜಾಣತನ. ಬಿಡಿಬಿಡಿಯಾಗಿ ಹುಡುಕಿದರೆ ಸಮಯವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಗುಜರಿಯಲ್ಲಿ ಬಿದ್ದಿರುವ ಪೆಟ್ಟಿಗೆಯ ಅನುಪಾತವನ್ನು ಬಿಚ್ಚದೆ ತಿಳಿಯುವ ಒಂದು ಚೆಂದದ ಉಪಾಯ ಇದೆ. ಸೀಮೆಸುಣ್ಣ ಸಾಕು. ಇನ್‌ಪುಟ್ ಶಾಫ್ಟ್ ಮೇಲೊಂದು ಗುರುತು ಹಾಕಿ. ಪೆಟ್ಟಿಗೆಯನ್ನು ನಾಲ್ಕನೇ ಗೇರಿಗೆ ಹಾಕಿ. ಎರಡೂ ಬದಿಗೆ ಡ್ರೈವ್ ಶಾಫ್ಟ್ ತುಂಡು ಸಿಕ್ಕಿಸಿ, ಒಂದನ್ನು ಅಲುಗಾಡದಂತೆ ಹಿಡಿದುಕೊಂಡು ಇನ್ನೊಂದನ್ನು ಸರಿಯಾಗಿ 10 ಸುತ್ತು ತಿರುಗಿಸಿ. ಇನ್‌ಪುಟ್ ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ಡಿಫರೆನ್ಶಿಯಲ್‌ನ ಗುಣ ಹೀಗಿದೆ: ಒಂದು ಬದಿ ನಿಂತರೆ ಇನ್ನೊಂದು ಬದಿ ದುಪ್ಪಟ್ಟು ತಿರುಗುತ್ತದೆ. ಅಂದರೆ ಹೊರಗಿನ 10 ಸುತ್ತಿಗೆ ಒಳಗಿನ ಕ್ರೌನ್ ಚಕ್ರ ತಿರುಗಿದ್ದು 5 ಸುತ್ತು. ಇನ್‌ಪುಟ್ 19.5 ಸುತ್ತು ಬಂದಿದ್ದರೆ 5ರಿಂದ ಭಾಗಿಸಿ. ಒಟ್ಟು ಅನುಪಾತ 3.9. ಐದನೇ ಗೇರಿನಲ್ಲಿ 16.5 ಸುತ್ತು ಬಂದರೆ 3.3. ಹೀಗೆ ಐದೂ ಗೇರಿನ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡರೆ, ಆ ಪೆಟ್ಟಿಗೆ ನಿಮ್ಮ ಟೈರಿನ ಜೊತೆ ರಸ್ತೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಇಷ್ಟು ಸರಳ ಪರೀಕ್ಷೆಯಿಂದ ಇಷ್ಟೊಂದು ತಿಳಿಯುತ್ತದಲ್ಲ, ನನಗೆ ಇದು ಇಂದಿಗೂ ಖುಷಿ ಕೊಡುವ ವಿಷಯ.

ತಿರುಗಿಸುವಾಗಲೇ ಕೈಗೆ ಬೇರೆ ಸುದ್ದಿಯೂ ಸಿಗುತ್ತದೆ. ಕರಕರ ಅಂದರೆ ಬೇರಿಂಗ್ ಹೋಗಿದೆ. ಎಣ್ಣೆ ಬಸಿಯುವ ಬೋಲ್ಟ್ ಬಿಚ್ಚಿ ನೋಡಿ. ನುಣ್ಣನೆ ಹಿತ್ತಾಳೆ ಪುಡಿ ಒಂದಿಷ್ಟು ಇರುವುದು ಮಾಮೂಲಿ. ಅದು ಸಿಂಕ್ರೊಮೆಶ್ ಉಂಗುರದ ಸವೆತ. ಗೇರ್ ಹಾಕುವಾಗ ಈ ಹಿತ್ತಾಳೆ ಉಂಗುರ ಗೇರಿನ ಶಂಕುವಿನಾಕಾರದ ಮುಖಕ್ಕೆ ಒತ್ತಿ, ಉಜ್ಜಿ, ಎರಡೂ ಕಡೆಯ ವೇಗ ಸಮ ಮಾಡುತ್ತದೆ. ಸಮ ಆಗುವವರೆಗೆ ಹಲ್ಲು ಕೂರಲು ಬಿಡುವುದಿಲ್ಲ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದ ವ್ಯವಸ್ಥೆ ಇದು. ಆದರೆ ಎಣ್ಣೆಯಲ್ಲಿ ಉಕ್ಕಿನ ಚೂರು ಸಿಕ್ಕರೆ ಆ ಪೆಟ್ಟಿಗೆ ಅಲ್ಲೇ ಬಿಡಿ.

ಇಡೀ ಪೆಟ್ಟಿಗೆ ಬದಲಿಸದೆ ಐದನೇ ಗೇರನ್ನಷ್ಟೇ ಬದಲಿಸುವ ದಾರಿಯೂ ಹೊರದೇಶಗಳಲ್ಲಿ ಜನಪ್ರಿಯ. ಹಲವು ಸಣ್ಣ ಕಾರುಗಳಲ್ಲಿ ಐದನೇ ಗೇರಿನ ಜೋಡಿ ಪೆಟ್ಟಿಗೆಯ ತುದಿಯಲ್ಲಿ, ಒಂದು ಮುಚ್ಚಳದ ಕೆಳಗೆ ಕೂತಿರುತ್ತದೆ. ಹಳೆ ಫೋಕ್ಸ್‌ವ್ಯಾಗನ್ ಗಾಲ್ಫ್ ಇಟ್ಟುಕೊಂಡವರು ಮುಚ್ಚಳ ತೆಗೆದು, ಅದೇ ವಂಶದ ಬೇರೆ ಕಾರಿನ ಎತ್ತರದ ಐದನೇ ಗೇರು ಹಾಕಿಕೊಳ್ಳುತ್ತಾರೆ. ನಮ್ಮ ಮಾರುತಿ 1000 ಮತ್ತು ಎಸ್ಟೀಮ್‌ನ ನೆಂಟ ಜಿಯೋ ಮೆಟ್ರೋ ಅಮೆರಿಕದಲ್ಲಿ ಮಾರಾಟವಾಗುತ್ತಿತ್ತು. ಅದರ ಎಕ್ಸ್‌ಎಫ್‌ಐ ಮಾದರಿಗೆ ಅಲ್ಲಿನ ಸರ್ಕಾರಿ ಪರೀಕ್ಷೆಯಲ್ಲಿ ಹೈವೇ ಮೈಲೇಜ್ ಗ್ಯಾಲನ್ನಿಗೆ 58 ಮೈಲಿ, ಅಂದರೆ ಲೀಟರಿಗೆ 24.7 ಕಿ.ಮೀ. ಸಿಕ್ಕಿತ್ತು. 2008ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಹಳೆ ಮೆಟ್ರೋಗಳಿಗೆ ಮತ್ತೆ ಬೇಡಿಕೆ ಬಂತು, ಎಕ್ಸ್‌ಎಫ್‌ಐ ಗೇರ್‌ಬಾಕ್ಸ್ ಹುಡುಕುವವರೂ ಇದ್ದರು. ಆದರೆ ಆ ಮಾದರಿಯ ಮೈಲೇಜ್ ಬರೀ ಗೇರಿನಿಂದ ಬಂದದ್ದಲ್ಲ. ಅದರ ಎಂಜಿನ್ ಕೂಡ ಬೇರೆ, 55ರ ಬದಲು 49 ಅಶ್ವಶಕ್ತಿ.

ಕಾಗದ ಪತ್ರದ ಮಾತು ಚಿಕ್ಕದು. ಆರ್‌ಸಿಯಲ್ಲಿ ಎಂಜಿನ್ ನಂಬರು, ಚಾಸಿ ನಂಬರು ಇರುತ್ತವೆ. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಬೇಕೇ ಬೇಕು. ಗೇರ್‌ಬಾಕ್ಸ್‌ಗೆ ಅಲ್ಲಿ ಅಂಥ ನಂಬರಿಲ್ಲ. ಆದರೂ ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿಡುವುದು ಕ್ಷೇಮ.

ಕೊನೆಗೆ ಎಣ್ಣೆ. ಪೆಟ್ಟಿಗೆ ಕೂರಿಸಿದ ಮೇಲೆ ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಗೇರ್ ಆಯಿಲ್ ಸುರಿಯಲು ಬಿಡಬೇಡಿ. ಡಬ್ಬಿಯ ಮೇಲೆ ಎಣ್ಣೆಯ ದರ್ಜೆ ಜಿಎಲ್-4 ಅಂತಿದೆಯಾ ನೋಡಿ. ಜಿಎಲ್-5ರಲ್ಲಿ ಹಲ್ಲುಗಳನ್ನು ಕಾಯುವ ಗಂಧಕ ಮತ್ತು ರಂಜಕದ ರಾಸಾಯನಿಕ ಜಾಸ್ತಿ. ಭಾರಿ ಆಕ್ಸಲ್‌ಗಳಿಗೆ ಅದು ಒಳ್ಳೆಯದು. ಆದರೆ ಸಿಂಕ್ರೊ ಉಂಗುರಕ್ಕೆ ಬೇಕಾದ ಹಿಡಿತ ಅದರಲ್ಲಿ ಸಿಗದೇ ಇರಬಹುದು, ಕೆಲವು ಮಿಶ್ರಣಗಳು ಹಿತ್ತಾಳೆಯನ್ನೂ ತಿನ್ನುತ್ತವೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿಸಿ, ಆ ಎಣ್ಣೆ ಬಸಿದು ಹೊಸದು ಹಾಕಿ. ಆಗಲೇ ಮೌಂಟ್ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿ ನೋಡಿ.