ರೇಟ್ ಇಳಿಸಿದರೆ ಮೊದಲ ಕೆಲಸ ಸಿಗುತ್ತಾ?

ಪ್ರಶ್ನೆ: ಮೂರು ವರ್ಷ ಕಂಪನಿಯಲ್ಲಿ ಪೈಥಾನ್ ಕೆಲಸ ಮಾಡಿದ್ದೇನೆ. ಈಗ ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಸಿಗೋ ಅಪ್‌ವರ್ಕ್ ಅನ್ನೋ ಸೈಟಿನಲ್ಲಿ ಪ್ರೊಫೈಲ್ ಮಾಡಿ ನಲವತ್ತು ಪ್ರಪೋಸಲ್ (ಕೆಲಸಕ್ಕೆ ಅರ್ಜಿ) ಕಳಿಸಿದೆ, ಒಂದಕ್ಕೂ ಉತ್ತರ ಇಲ್ಲ. ರೇಟ್ ಅರ್ಧಕ್ಕೆ ಇಳಿಸಿದರೆ ಕೆಲಸ ಸಿಗುತ್ತಾ?

ಇಳಿಸಬೇಡಿ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರದು ಜಾವಾ, ಇನ್ನೊಬ್ಬರದು ವರ್ಡ್‌ಪ್ರೆಸ್, ಆದರೆ ಎಲ್ಲರ ಒಳಗಿನ ಅನುಮಾನ ಒಂದೇ: ನನ್ನಲ್ಲೇ ಏನೋ ಕಡಿಮೆ ಇದೆ ಅಂತ. ಇದ್ದರೂ ಇರಬಹುದು. ಆದರೆ ಜಾಸ್ತಿ ತಪ್ಪು ನಿಮ್ಮದಲ್ಲ, ಕೆಲಸ ಕೊಡೋರು, ಮಾಡೋರು ಸೇರೋ ಆ ಆನ್‌ಲೈನ್ ಸಂತೆಯದು.

ಒಂದು ಸಲ ಕ್ಲೈಂಟ್ ಜಾಗದಲ್ಲಿ ಕೂತು ನೋಡಿ. ಅವನ ಸೈಟಿನ ಪೇಮೆಂಟ್ ಪೇಜ್ ಕೈಕೊಟ್ಟಿದೆ. ರಾತ್ರಿ ಕೆಲಸ ಪೋಸ್ಟ್ ಮಾಡಿ ಮಲಗಿ ಎದ್ದರೆ ರಾಶಿ ಪ್ರಪೋಸಲ್, ಎಲ್ಲವೂ ಒಂದೇ ಅಚ್ಚಿನ ಇಟ್ಟಿಗೆ, ಅದರಲ್ಲೂ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಇಂಗ್ಲಿಷೂ ಚೆನ್ನಾಗಿಯೇ ಇರುತ್ತದೆ. ಕೋಡ್ ಓದಿ ಅಳೆಯಲು ಅವನಿಗೆ ಬರಲ್ಲ, ಬಂದಿದ್ದರೆ ಅವನೇ ಸರಿ ಮಾಡಿಕೊಳ್ಳುತ್ತಿದ್ದ ಅಲ್ವಾ? ಹಾಗಾಗಿ ಹಳೇ ರಿವ್ಯೂ ಎಷ್ಟಿದೆ ಅಂತ ನೋಡುತ್ತಾನೆ. ನಿಮ್ಮದು ಸೊನ್ನೆ. ಅದರ ಮೇಲೆ ರೇಟನ್ನೂ ಇಳಿಸಿದರೆ, 'ಇಷ್ಟು ಕಮ್ಮಿಗೆ ಯಾಕೆ ಬರುತ್ತಿದ್ದಾನೆ?' ಅನ್ನೋ ಇನ್ನೊಂದು ಅನುಮಾನ ಸೇರುತ್ತದೆ.

ಹಳೇ ರಿವ್ಯೂ ಇಲ್ಲದ್ದೇ ಅಡ್ಡಿಯಾ ಅನ್ನೋದನ್ನು ಅಮಾಂಡಾ ಪಾಲೈಸ್ ಅನ್ನೋ ಅರ್ಥಶಾಸ್ತ್ರಜ್ಞೆ ನಿಜವಾದ ಸಂತೆಯಲ್ಲೇ ಪರೀಕ್ಷೆ ಮಾಡಿ ನೋಡಿದರು. ಒಡೆಸ್ಕ್ ಅಂತ ಒಂದು ಸೈಟ್ ಇತ್ತು, ಅದೂ ಈಲ್ಯಾನ್ಸ್ ಅನ್ನೋದೂ ಒಂದಾಗಿ 2015ರಲ್ಲಿ ಅಪ್‌ವರ್ಕ್ ಅಂತ ಹೆಸರಾಯಿತು. ಆ ಒಡೆಸ್ಕ್‌ನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ ಲಾಟರಿ ಎತ್ತಿದ ಹಾಗೆ 952 ಜನರನ್ನು ಆರಿಸಿ ಸಣ್ಣ ಕೆಲಸ ಕೊಟ್ಟರು, ಮುಗಿದ ಮೇಲೆ ಕೆಲವರಿಗೆ ಬರೀ ಸ್ಟಾರ್, ಇನ್ನು ಕೆಲವರಿಗೆ ವಿವರವಾದ ರಿವ್ಯೂ ಬರೆದರು. ಅವರ ಲೇಖನ 2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂತು. ಅದುವರೆಗೆ ಒಂದೂ ಕೆಲಸ ಸಿಗದೆ ಕೂತಿದ್ದವರಿಗೆ ಆ ಒಂದೇ ಒಂದು ಕೆಲಸದಿಂದ ಮುಂದಿನ ತಿಂಗಳುಗಳಲ್ಲಿ ಕೆಲಸವೂ ಹೆಚ್ಚಾಯಿತು, ಸಂಪಾದನೆಯೂ ಹೆಚ್ಚಾಯಿತು. ಅಂದರೆ ಅವರಿಗೆ ಕೆಲಸ ಮಾಡಲು ಬರುತ್ತಿರಲಿಲ್ಲ ಅಂತಲ್ಲ, ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಹಾಗಿದ್ದರೆ ಕ್ಲೈಂಟುಗಳು ಯಾಕೆ ಹೊಸಬರನ್ನು ಪರೀಕ್ಷೆ ಮಾಡಿ ನೋಡಲ್ಲ? ಗಿಡ ನೆಟ್ಟು ನೀರು ಹಾಕೋನು ಒಬ್ಬ, ಹಣ್ಣು ತಿನ್ನೋರು ಹತ್ತು ಜನ. ಮೊದಲ ಸಲ ಕೆಲಸ ಕೊಟ್ಟವನು ದುಡ್ಡು, ಸಮಯ ಎರಡನ್ನೂ ಪಣಕ್ಕಿಡುತ್ತಾನೆ. ನೀವು ಗಟ್ಟಿ ಅಂತ ಗೊತ್ತಾದ ಮೇಲೆ ನಿಮ್ಮ ರೇಟ್ ಏರುತ್ತದೆ, ಬೇರೆಯವರು ಎತ್ತಿಕೊಂಡು ಹೋಗುತ್ತಾರೆ.

ಆದರೆ ಆ ಹತ್ತೂ ಜನ ನಿಮಗೆ ಕೊಡೋ ದುಡ್ಡಲ್ಲಿ ಪಾಲು ತೆಗೆದುಕೊಳ್ಳೋದು ಒಬ್ಬರೇ, ಸೈಟಿನವರು. ಅಪ್‌ವರ್ಕ್ 2025ರಿಂದ ಕೆಲಸ ನೋಡಿಕೊಂಡು 0ಯಿಂದ 15 ಪರ್ಸೆಂಟ್‌ವರೆಗೆ ಹಿಡಿಯುತ್ತದೆ, ಅಂಥದೇ ಇನ್ನೊಂದು ಸೈಟ್ ಫೈವರ್ 20. ಅದಕ್ಕೇ ನನ್ನ ವಾದ: ಮೊದಲ ಕೆಲಸದ ಖರ್ಚು ಸೈಟಿನವರೇ ಹಾಕಬೇಕು. ಮೂರು ನಾಲ್ಕು ಗಂಟೆಯ ನಿಜವಾದ ಕೆಲಸ, ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿನ (ಕೋಡ್ ಎಲ್ಲರಿಗೂ ತೆರೆದಿರೋದು) ಬಗ್ ಸರಿ ಮಾಡೋದಾದರೂ ಆಗಲಿ. ಅನುಭವ ಇರೋ ಪ್ರೋಗ್ರಾಮರ್ ಒಬ್ಬರು ಕೂಲಿ ತಗೊಂಡು ಅದನ್ನು ಓದಿ ರಿವ್ಯೂ ಬರೆಯಲಿ, ಆ ರಿವ್ಯೂ ಪ್ರೊಫೈಲ್‌ನಲ್ಲೇ ಇರಲಿ. ಟಿಕ್ ಹಾಕೋ ಪರೀಕ್ಷೆ ಬೇಡ. ಅದು ಅಪ್‌ವರ್ಕ್‌ನಲ್ಲಿ ಮೊದಲು ಇತ್ತು, ಉತ್ತರಗಳು ಗೂಗಲ್ ಮಾಡಿದರೆ ಸಿಗುತ್ತಿದ್ದವು, 2019ರಲ್ಲಿ ತೆಗೆದುಬಿಟ್ಟರು.

ಇನ್ನು ಸ್ಟಾರ್‌ಗಳ ವಿಷಯ. ನನ್ನದೂ ಒಂದು ಪಾಪ ಇದೆ, ಹೇಳಿಬಿಡುತ್ತೇನೆ. ಒಂದು ಸೈಟ್‌ನಲ್ಲಿ ನಾನೇ ಒಬ್ಬ ಹುಡುಗನಿಗೆ ಕೆಲಸ ಕೊಟ್ಟಿದ್ದೆ. ವಾರ ತಡ ಮಾಡಿದ, ಅರ್ಧ ಕೋಡನ್ನು ನಾನೇ ಮತ್ತೆ ಬರೆದೆ, ಆದರೂ ಐದು ಸ್ಟಾರ್ ಒತ್ತಿದೆ. ನಾಲ್ಕು ಕೊಟ್ಟರೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗೆ ಅನ್ನಿಸಿತು. ಎಲ್ಲರೂ ಹೀಗೇ ಮಾಡುತ್ತಾರೆ. ಜಾನ್ ಹಾರ್ಟನ್ ಅನ್ನೋ ಅರ್ಥಶಾಸ್ತ್ರಜ್ಞ ಮತ್ತು ಜೊತೆಯವರು ಇಂಥ ಸಂತೆಯೊಂದರ ರೇಟಿಂಗ್‌ಗಳನ್ನು ವರ್ಷಗಟ್ಟಲೆ ನೋಡಿ ಇದಕ್ಕೆ ಕೀರ್ತಿಯ ಹಣದುಬ್ಬರ ಅನ್ನೋ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಎಲ್ಲರಿಗೂ ಕಾಣೋ ಸ್ಟಾರ್ ಏರುತ್ತಾ ಹೋಗಿದ್ದರೆ, ಸೈಟಿನವರಿಗೆ ಮಾತ್ರ ಗುಟ್ಟಾಗಿ ಕೊಟ್ಟ ಅಭಿಪ್ರಾಯ ಹಾಗೆ ಏರಿರಲಿಲ್ಲ. ಎಲ್ಲರೂ ಐದು ಅಂದ ಮೇಲೆ ಐದಕ್ಕೆ ಏನು ಬೆಲೆ?

ಮತ್ತೊಂದು ಅನ್ಯಾಯ ಕನೆಕ್ಟ್ಸ್, ಅಂದರೆ ಪ್ರಪೋಸಲ್ ಕಳಿಸಲು ಅಪ್‌ವರ್ಕ್‌ನಲ್ಲಿ ಕೊಳ್ಳಬೇಕಾದ ಟೋಕನ್. ಒಂದಕ್ಕೆ 15 ಸೆಂಟ್, ಒಂದು ಪ್ರಪೋಸಲ್‌ಗೆ ಹಲವು ಬೇಕು, ಮೇಲಿನ ಸಾಲಲ್ಲಿ ಕಾಣಬೇಕಾದರೆ ಬೂಸ್ಟ್ ಅಂತ ಇನ್ನಷ್ಟು ಸುರಿಯಬೇಕು. ಕಸ ಪ್ರಪೋಸಲ್ ಕಡಿಮೆಯಾಗಲಿ ಅಂತ ದುಡ್ಡು ಇಟ್ಟರು, ಸರಿ. ಆದರೆ ಸುಮ್ನೆ ಪೋಸ್ಟ್ ಹಾಕಿ ಯಾರಿಗೂ ಕೆಲಸ ಕೊಡದೆ ಮಾಯವಾಗೋ ಕ್ಲೈಂಟ್‌ಗಳೂ ಇದ್ದಾರಲ್ಲ? ಅವರಿಂದಲೂ ಸ್ವಲ್ಪ ಠೇವಣಿ ಇಡಿಸಿಕೊಂಡು, ಯಾರನ್ನಾದರೂ ತೆಗೆದುಕೊಂಡಾಗ ವಾಪಸ್ ಕೊಡಲಿ. ನಿಜವಾಗಿ ಕೆಲಸ ಇರೋ ಕ್ಲೈಂಟ್ ಅದಕ್ಕೆ ಹಿಂಜರಿಯಲ್ಲ. 

ಇದೆಲ್ಲ ಸರಿಹೋಗೋವರೆಗೆ ನೀವು ಕಾಯೋಕಾಗಲ್ಲ. ಇನ್ನು ನಲವತ್ತು ಕಡೆ ಕಳಿಸಬೇಡಿ, ವಾರಕ್ಕೆ ನಾಲ್ಕು ಸಾಕು. ಪೇಮೆಂಟ್ ವೆರಿಫೈ ಆಗಿದೆಯಾ, ಹಿಂದೆ ಪೋಸ್ಟ್ ಮಾಡಿದ ಕೆಲಸಗಳಿಗೆ ನಿಜವಾಗಿ ಜನ ತೆಗೆದುಕೊಂಡಿದ್ದಾರಾ ನೋಡಿ. ಟೆಲಿಗ್ರಾಂಗೆ ಬನ್ನಿ, ಮೊದಲು ಡೆಪಾಸಿಟ್ ಕಟ್ಟಿ ಅನ್ನೋರ ಕಡೆ ತಲೆ ಹಾಕಬೇಡಿ. ಪ್ರಪೋಸಲ್‌ನ ಮೊದಲ ಸಾಲಲ್ಲೇ ಅವನ ಸಮಸ್ಯೆಯನ್ನು ಹೇಗೆ ಹುಡುಕುತ್ತೀರಿ ಅಂತ ಬರೆಯಿರಿ, ನಿಮ್ಮ ಡಿಗ್ರಿ ಕಥೆ ಕೊನೆಗಿರಲಿ. ರೇಟ್ ಇಳಿಸೋ ಬದಲು ಕೆಲಸವನ್ನು ಚಿಕ್ಕದು ಮಾಡಿ: 'ಮೊದಲು ಈ ಒಂದು ಬಗ್, ಇಷ್ಟು ದುಡ್ಡು, ಎಸ್ಕ್ರೊದಲ್ಲಿ (ಕೆಲಸ ಮುಗಿಯೋವರೆಗೆ ಸೈಟಿನವರ ಹತ್ತಿರ) ಇಡಿ, ಇಷ್ಟವಾದರೆ ಮುಂದಿನದು ಮಾತಾಡೋಣ.' ಆಗ ಕ್ಲೈಂಟ್ ಕಳೆದುಕೊಳ್ಳೋದು ಕಡಿಮೆ, ನಿಮ್ಮ ಗಂಟೆಯ ಬೆಲೆಯೂ ಹಾಗೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಐದು ಸ್ಟಾರ್ ಕೊಡಿ ಅಂತ ಕೇಳಬೇಡಿ, ಏನು ಸರಿ ಮಾಡಿದಿರಿ, ಎಷ್ಟು ದಿನದಲ್ಲಿ ಮಾಡಿದಿರಿ ಅಂತ ಎರಡು ಸಾಲು ಬರೆದುಕೊಡಲು ಕೇಳಿ.